ಕ್ಲಚ್ ಮಾವ ಹಿಂದಿನ ಸೀಟಿಗೆ ಹೋದದ್ದು

ಬಸ್ ಡಿಪೋದ ಹಾಜರಿ ಪುಸ್ತಕದಲ್ಲಿ ಅವರಿಗೆ ಒಂದು ಉದ್ದನೆಯ ಹೆಸರಿತ್ತು. ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಕೂಗುತ್ತಿರಲಿಲ್ಲ. ಹೊಸ ಚಾಲಕರಿಗೆ ಬಸ್ಸು ಕಲಿಸುವುದು ಅವರ ಕೆಲಸ. "ಕ್ಲಚ್ ಮೇಲೆ ಕಾಲಿಟ್ಟು ನಿದ್ದೆ ಹೊಡೀಬೇಡಪ್ಪಾ" ಎಂದು ಬಂದವರಿಗೆಲ್ಲ ಹೇಳಿ ಹೇಳಿ ಕ್ಲಚ್ ಎಂಬ ಹೆಸರು ಅಂಟಿಕೊಂಡಿತು. ಮಾವ ಎಂಬುದನ್ನು ಅಂಟಿಸಿದವಳು ಅವರ ತಂಗಿಯ ಮಗಳು. ಅವಳು ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಕೂಡಲೇ ಡಿಪೋದ ಗೇಟಿಗೆ ಓಡಿ ಬಂದು, ಸರಳಿಗೆ ಮುಖ ಒತ್ತಿ, ವರ್ಕ್‌ಶಾಪಿನ ಸುತ್ತಿಗೆ ಸದ್ದನ್ನೂ ಮೀರಿ "ಮಾವಾ..." ಎಂದು ಕೂಗುತ್ತಿದ್ದಳು. ಮೊದಲು ಕಾವಲುಗಾರ, ಆಮೇಲೆ ಮೆಕ್ಯಾನಿಕ್‌ಗಳು, ಕೊನೆಗೆ ಮ್ಯಾನೇಜರ್ ಕೂಡ ಅವರನ್ನು ಮಾವ ಎಂದೇ ಕರೆಯತೊಡಗಿದರು.

"ಇಷ್ಟು ಜನ ಅಳಿಯಂದಿರನ್ನ ಕಟ್ಕೊಂಡು ನಾನು ಬದುಕೋದು ಹೇಗಪ್ಪಾ" ಎಂದು ಅವರು ಹಣೆ ಚಚ್ಚಿಕೊಳ್ಳುತ್ತಿದ್ದರು. ಒಳಗೊಳಗೇ ಖುಷಿ.

ಆ ಹುಡುಗಿಗೆ ಮನೆಯಲ್ಲಿ ಮೊಳೆ ಎಂದು ಹೆಸರು. ಹುಟ್ಟಿದಾಗ ಅಷ್ಟು ಸಣಕಲಾಗಿದ್ದಳು. ಮಾತು ಬಂದಮೇಲೆ ಅಷ್ಟೇ ಚೂಪಾದಳು. ಅವಳ ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಇಬ್ಬರಿಗೂ ಪಾಳಿಯ ಕೆಲಸವಾದ್ದರಿಂದ ಮೊಳೆ ಹೆಚ್ಚಾಗಿ ಬೆಳೆದದ್ದು ಪಕ್ಕದ ಬೀದಿಯ ಮಾವನ ಮನೆಯಲ್ಲಿ. ಮಾವನಿಗೂ ಅತ್ತೆಗೂ ಮಕ್ಕಳಿರಲಿಲ್ಲ. ಆ ಮಾತನ್ನು ಆ ಮನೆಯಲ್ಲಿ ಯಾರೂ ಆಡುತ್ತಲೂ ಇರಲಿಲ್ಲ, ಯಾಕೆಂದರೆ ಮೊಳೆ ಬಾಯಿ ಮುಚ್ಚಿದರೆ ತಾನೆ ಇನ್ನೊಬ್ಬರಿಗೆ ಮಾತಾಡಲು ಬಿಡುವು.

ಮಾವನ ಬಗ್ಗೆ ಹೇಳುವಾಗ ಅವರ ಬಲಗಾಲಿನ ಬಗ್ಗೆ ಹೇಳದೆ ಆಗುವುದಿಲ್ಲ. ಕಲಿಸುವ ಬಸ್ಸಿನಲ್ಲಿ ಎರಡು ಬ್ರೇಕುಗಳಿರುತ್ತವೆ. ಒಂದು ಕಲಿಯುವವನ ಕಾಲ ಕೆಳಗೆ, ಇನ್ನೊಂದು ಪಕ್ಕದಲ್ಲಿ ಕೂತ ಮಾವನ ಕಾಲ ಕೆಳಗೆ. ಕಲಿಯುವವನ ಗಮನ ತಪ್ಪಿದರೆ ಮಾವನ ಕಾಲು ತಾನಾಗಿ ಇಳಿಯುತ್ತಿತ್ತು. ವರ್ಷಗಟ್ಟಲೆ ಹೀಗೇ ಮಾಡಿ ಮಾಡಿ ಅದು ಕೆಲಸದ ಹೊತ್ತು ಮುಗಿದ ಮೇಲೂ ಸುಮ್ಮನಿರುತ್ತಿರಲಿಲ್ಲ. ಅತ್ತೆ ಒಲೆಯ ಮೇಲಿಟ್ಟ ಹಾಲು ಅಂಚಿಗೆ ಬಂದರೆ ನಡುಮನೆಯಲ್ಲಿ ಕೂತ ಮಾವನ ಕಾಲು ನೆಲಕ್ಕೆ ಧಡ್ ಎಂದು ಬಡಿಯುತ್ತಿತ್ತು.

"ರೀ, ಹಾಲಿಗೆ ಬ್ರೇಕಿಲ್ಲ. ಎದ್ದು ಬಂದು ಒಲೆ ಆರಿಸಿ" ಎನ್ನುತ್ತಿದ್ದರು ಅತ್ತೆ, ಹೊಲಿಗೆ ಯಂತ್ರದ ಹಿಂದಿನಿಂದಲೇ.

ಮಾವನಿಗೆ ಒಂದು ತತ್ವವಿತ್ತು. ಬಸ್ಸು ಯಾರದ್ದೋ, ಪಾಠದ ಖರ್ಚೂ ಅವರದ್ದೇ. ಚಾಲಕ ತನ್ನ ಲೈಸೆನ್ಸನ್ನು ತನ್ನ ಖರ್ಚಿನಲ್ಲಿ ಮಾಡಿಸಿಕೊಂಡು ಬರಲಿ, ಅದು ಅವನ ಆಸ್ತಿ. ಆದರೆ ಡಿಪೋದಲ್ಲಿ ಒಂದೊಂದು ಬಸ್ಸಿಗೂ ಒಂದೊಂದು ಗುಣ. ನಡುವೆ ಮಡಚಿಕೊಳ್ಳುವ ಉದ್ದನೆಯ ಬಸ್ಸು ತಿರುವಿನಲ್ಲಿ ಬೇರೆ ಥರ ತಿರುಗುತ್ತದೆ, ಹಿಂದೆ ಎಂಜಿನ್ ಇರುವುದು ಬೇರೆ ಥರ ಎಳೆಯುತ್ತದೆ. ಅದನ್ನು ಕಲಿಸಲು ಹಿಡಿಯುವ ದಿನಗಳಿಗೆ ಡಿಪೋ ಸಂಬಳ ಕೊಡಬೇಕೇ ಹೊರತು ಚಾಲಕನಿಂದ ಫೀಸು ಕೀಳಬಾರದು. ಇದನ್ನು ಅವರು ಮ್ಯಾನೇಜರ್ ಎದುರಿಗೇ ಹೇಳಿದ್ದರು, ಹೇಳಿ ಗೆದ್ದೂ ಇದ್ದರು.

ಗೆದ್ದ ಮೇಲೆ ಆದದ್ದೇ ಬೇರೆ. ಉದ್ದನೆಯ ಬಸ್ಸು ಕಲಿತ ಹುಡುಗರು ಒಬ್ಬೊಬ್ಬರಾಗಿ ಎದುರು ರಸ್ತೆಯ ಖಾಸಗಿ ಕಂಪನಿಗೆ ಹಾರಿದರು. ಅಲ್ಲಿ ಸಂಬಳ ಜಾಸ್ತಿ. ಮ್ಯಾನೇಜರ್ ಮಾವನನ್ನು ಕರೆಸಿ, "ನೀವು ಕಲಿಸ್ತಿರೋದು ನಮ್ಮ ಡಿಪೋಗೋ, ಎದುರಿನವರಿಗೋ?" ಎಂದು ಕೇಳಿದರು. ಅಂದಿನಿಂದ ಡಿಪೋದಲ್ಲಿ ಬಾಂಡ್ ಬಂತು: ಕಲಿತವನು ಎರಡು ವರ್ಷ ಬಿಟ್ಟುಹೋಗುವಂತಿಲ್ಲ. ಮಾವ ಒಂದಷ್ಟು ದಿನ ಗೊಣಗಿದರು, ಆಮೇಲೆ ಒಪ್ಪಿಕೊಂಡರು. ಓಡಿಹೋದವರಲ್ಲಿ ಇಬ್ಬರಿಗೆ ಅವರು ಮನೆಯ ಊಟ ಹಾಕಿ ಕಲಿಸಿದ್ದರು. ಆ ನೋವು ಒಳಗೇ ಇತ್ತು.

ಮೊಳೆ ವಿಮಾನ ಓಡಿಸುತ್ತೇನೆಂದಾಗ ಎಲ್ಲರಿಗಿಂತ ಮೊದಲು ಹೂಂ ಅಂದವರು ಮಾವ. ಅವಳ ಅಪ್ಪ ಬ್ಯಾಂಕಿನಲ್ಲಿ ಸಾಲ ತೆಗೆದ, ಅಮ್ಮ ಕೂಡಿಟ್ಟದ್ದನ್ನೆಲ್ಲ ತೆಗೆದಳು. ಮೊಳೆ ಹಾರಾಟದ ಶಾಲೆಗೆ ಹೋಗಿ ಬೆವರು ಸುರಿಸಿ ಲೈಸೆನ್ಸ್ ತಂದಳು. ಮಾವ ಆ ಲೈಸೆನ್ಸನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಆಯ್ತಲ್ಲ, ಇನ್ನು ನಾಳೆಯಿಂದ ಡ್ಯೂಟಿನಾ?" ಎಂದರು.

"ಇಲ್ಲ ಮಾವ. ಇದು ಚಿಕ್ಕ ವಿಮಾನ ಹಾರಿಸಿ ತಗೊಂಡಿದ್ದು. ಜನ ಕೂರೋ ದೊಡ್ಡ ವಿಮಾನಕ್ಕೆ ಅದರದ್ದೇ ತರಬೇತಿ, ಅದರದ್ದೇ ಪರೀಕ್ಷೆ. ಟೈಪ್ ರೇಟಿಂಗ್ ಅಂತಾರೆ. ಒಂದು ಮಾದರಿಗೆ ಮಾಡಿದ್ದು ಇನ್ನೊಂದಕ್ಕೆ ನಡೆಯಲ್ಲ."

"ನಮ್ಮ ಉದ್ದ ಬಸ್ಸಿನ ಥರ."

"ಅದೇ ಥರ. ಆದರೆ ಅದರ ಖರ್ಚು ಕೇಳಿದ್ರೆ ನೀವು ಕೂತಲ್ಲೇ ಬ್ರೇಕ್ ಹಾಕ್ತೀರಿ."

ಮೊಳೆ ಖರ್ಚು ಹೇಳಿದಳು. ಮಾವನ ಕಾಲು ನಿಜವಾಗಿಯೂ ಬಡಿಯಿತು.

"ವಿಮಾನ ಅವರದ್ದು ತಾನೆ? ಮತ್ತೆ ಪಾಠದ ಖರ್ಚು ನೀನ್ಯಾಕೆ ಕೊಡಬೇಕು?"

ಮೊಳೆ ಅರ್ಜಿ ಹಾಕಿದ್ದ ವಿಮಾನ ಕಂಪನಿಯ ಕ್ರಮ ಹೀಗಿತ್ತು. ಆಯ್ಕೆಯ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೇಲೆ ಬಂದ ಕೆಲವರಿಗೆ ಕಂಪನಿಯೇ ಟೈಪ್ ರೇಟಿಂಗ್ ಮಾಡಿಸುತ್ತದೆ, ಐದು ವರ್ಷದ ಬಾಂಡ್ ಬರೆಸಿಕೊಂಡು. ಅವರ ಕೆಳಗೆ ಪಾಸಾದವರಿಗೂ ಸೀಟುಂಟು, ಆದರೆ ತರಬೇತಿ ಅವರವರ ಖರ್ಚಿನಲ್ಲಿ. ಅಪ್ಪ ಅಮ್ಮನ ಕೈ ಪೂರ್ತಿ ಖಾಲಿಯಾಗಿತ್ತು. ಹಾಗಾಗಿ ಮೊಳೆ ಮೇಲಿನ ಗುಂಪಿಗೇ ಬರಬೇಕಿತ್ತು.

ಆ ಪರೀಕ್ಷೆ ನಡೆಯುವುದು ನೆಲದ ಮೇಲಿರುವ ನಕಲಿ ಕಾಕ್‌ಪಿಟ್ಟಿನಲ್ಲಿ. ಅಲ್ಲಿ ಹೇಳಬೇಕಾದ ಮಾತು, ಮುಟ್ಟಬೇಕಾದ ಸ್ವಿಚ್ಚುಗಳ ಕ್ರಮ, ಎಲ್ಲವನ್ನೂ ಕಂಪನಿ ಮೊದಲೇ ಕಳಿಸಿತ್ತು. ಮೊಳೆ ಕಾಕ್‌ಪಿಟ್ಟಿನ ದೊಡ್ಡ ಚಿತ್ರವೊಂದನ್ನು ತುಂಡು ತುಂಡಾಗಿ ಮುದ್ರಿಸಿ ತಂದು, ಮಾವನ ನಡುಮನೆಯ ಗೋಡೆಗೆ ಅಂಟಿಸಿದಳು. ಅದರ ಮುಂದೆ ಎರಡು ಊಟದ ಕುರ್ಚಿಗಳು. ನಡುವೆ ಒಂದು ಸ್ಟೂಲು, ಅದರ ಮೇಲೆ ಲಿವರ್‌ಗಳ ಚಿತ್ರ. ಎಡಗಡೆ ಮೊಳೆ, ಬಲಗಡೆ ಮಾವ. ಮಾವ ಕನ್ನಡಕ ಏರಿಸಿಕೊಂಡು ಒಂದೊಂದೇ ಮಾತು ಓದುವುದು, ಮೊಳೆ ಕೈಚಾಚಿ ಕಾಗದದ ಸ್ವಿಚ್ಚು ಮುಟ್ಟಿ ಉತ್ತರ ಹೇಳುವುದು.

"ಗೇರ್ ಇಳಿಸು ಅಂತಿದೆ. ಆಕಾಶದಲ್ಲಿ ಹೋಗ್ತಾ ಗೇರ್ ಯಾಕೆ ಇಳಿಸ್ತಾರೆ?"

"ಇಲ್ಲಿ ಗೇರ್ ಅಂದ್ರೆ ಚಕ್ರ, ಮಾವ."

"ಚಕ್ರ ಅನ್ನೋಕೇನು ಕಷ್ಟ ಇವರಿಗೆ?"

"ಪ್ರಯಾಣಿಕರಿಗೆ ಕಾಫಿ ಯಾವಾಗ ಬರುತ್ತೆ?" ಎಂದು ಅತ್ತೆ ಯಂತ್ರದ ಹಿಂದಿನಿಂದ ಕೇಳುತ್ತಿದ್ದರು. ಅವರು ಶಾಲೆಯ ಯೂನಿಫಾರಂಗಳ ಅಂಚು ಹೊಲಿಯುತ್ತ ದಿನವೂ ಆ ವಿಮಾನದಲ್ಲಿ ಕೂತಿರುತ್ತಿದ್ದರು.

ಮಾವ ಆ ಕ್ರಮವನ್ನು ಬಾಯಿಪಾಠ ಮಾಡಿಕೊಂಡರು. ಅರ್ಥವಾಗದ ಪದಗಳನ್ನೂ ಬಿಡಲಿಲ್ಲ. ಡಿಪೋದಿಂದ ಬಂದು ಕೈಕಾಲು ತೊಳೆದು ಕುರ್ಚಿಯಲ್ಲಿ ಕೂತರೆ ಅವರ ಮುಖದಲ್ಲಿ ಒಂದು ಗಾಂಭೀರ್ಯ ಬರುತ್ತಿತ್ತು. ಮೊಳೆಯ ಕೈ ತಪ್ಪು ಸ್ವಿಚ್ಚಿನ ಕಡೆ ಹೊರಟರೆ ಸಾಕು, ಮಾವ ಬಾಯಿ ತೆರೆಯುವ ಮೊದಲೇ ಕಾಲು ಧಡ್. ಮೊಳೆ ನಕ್ಕು ಕೈ ಹಿಂದೆ ತೆಗೆದು ಸರಿಯಾದದ್ದನ್ನು ಮುಟ್ಟುತ್ತಿದ್ದಳು. ಬರಬರುತ್ತ ಅವಳು ತಪ್ಪುವುದೇ ಕಡಿಮೆಯಾಯಿತು. ಪರೀಕ್ಷೆಗೆ ಹೊರಟ ದಿನ ಮಾವ ಅವಳ ತಲೆ ಸವರಿ, "ಹೋಗಿ ಬಾ. ಅವರ ದುಡ್ಡಲ್ಲೇ ಕಲಿ" ಎಂದರು.

ಮೊಳೆ ಪಾಸಾದಳು. ಆದರೆ ಮೇಲಿನ ಗುಂಪಿಗೆ ಬರಲಿಲ್ಲ. ಸೀಟು ಬೇಕಿದ್ದರೆ ತಿಂಗಳ ಕೊನೆಯೊಳಗೆ ಸ್ವಂತ ದುಡ್ಡು ಕಟ್ಟಬೇಕು. ಇಲ್ಲದಿದ್ದರೆ ಅದು ಮುಂದಿನವರ ಪಾಲು. ಮತ್ತೆ ಯಾವಾಗ ಆಯ್ಕೆ ನಡೆಯುತ್ತದೋ, ನಡೆಯುತ್ತದೋ ಇಲ್ಲವೋ, ಕಂಪನಿಯವರಿಗೇ ಗೊತ್ತಿಲ್ಲ.

ಮಾವ ಒಂದು ಕ್ಷಣವೂ ಯೋಚಿಸಲಿಲ್ಲ. "ನನಗೆ ನಿವೃತ್ತಿಯ ದುಡ್ಡು ಬರುತ್ತಲ್ಲ, ಅದರ ಮೇಲೆ ಮುಂಗಡ ತೆಗೀತೀನಿ. ಸಾಲದಿದ್ರೆ ಇನ್ನೇನಾದ್ರೂ ನೋಡೋಣ. ನೀನು ಹೋಗಿ ಕಟ್ಟು."

"ಬೇಡ ಮಾವ."

"ಯಾಕೆ ಬೇಡ? ನಾನೇನು ಹೊರಗಿನವನಾ?"

"ಹೊರಗಿನವರಾಗಿದ್ರೆ ತಗೋತಿದ್ದೆ."

ಮಾವನಿಗೆ ಇದು ಅರ್ಥವಾಗಲಿಲ್ಲ. ಅವರು ಅತ್ತೆಯ ಕಡೆ ನೋಡಿದರು. ಅತ್ತೆ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದ್ದರು, ಅಥವಾ ಮುಳುಗಿದಂತೆ ಕೂತಿದ್ದರು.

"ವಿಮಾನ ಯಾರದ್ದೋ, ಪಾಠ ಅವರದ್ದು ಅಂತ ಹೇಳ್ತಿದ್ದವರು ನೀವೇ ಅಲ್ವಾ?" ಎಂದಳು ಮೊಳೆ.

"ಅದು ಬೇರೆಯವರ ಮಕ್ಕಳ ವಿಷಯ ಕಣೇ."

"ನೋಡಿ, ಮಾತು ಹೇಗೆ ತಿರುಗಿತು!" ಮೊಳೆ ನಗಲು ಹೋದಳು, ಆಗಲಿಲ್ಲ. "ಮಾವ, ಕಂಪನಿ ಬಾಂಡ್ ಐದು ವರ್ಷಕ್ಕೆ ಮುಗಿಯುತ್ತೆ. ನಿಮ್ಮದು ಯಾವಾಗ ಮುಗಿಯುತ್ತೆ? ನಾಳೆ ನನಗೆ ಈ ಕೆಲಸ ಆಗಲ್ಲ ಅನ್ನಿಸಿದ್ರೆ, ಕಂಪನಿಗಾದ್ರೆ ದುಡ್ಡು ಬಿಸಾಕಿ ಮನೆಗೆ ಬರಬಹುದು. ನಿಮಗೆ ಏನು ಬಿಸಾಕಲಿ?"

"ನಾನು ವಾಪಸ್ ಕೇಳ್ತೀನಾ?"

"ಕೇಳಲ್ಲ. ಅದೇ ಕಷ್ಟ."

ಮಾವ ಎದ್ದು ಹೋಗಿ ಅಂಗಳದಲ್ಲಿ ಒಣಗಿದ್ದ ಬಟ್ಟೆಗಳನ್ನು ತೆಗೆಯತೊಡಗಿದರು. ಇನ್ನೂ ಒದ್ದೆಯಿದ್ದವನ್ನೂ ತೆಗೆದುಬಿಟ್ಟರು. ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಬೇಕಾದದ್ದನ್ನು ಅತ್ತೆಯ ಮೂಲಕ ಹೇಳಿಸುವುದು ಶುರುವಾಯಿತು. "ಅವಳಿಗೆ ಊಟಕ್ಕೆ ಬರೋಕೆ ಹೇಳು." "ಮಾವನಿಗೆ ಹಸಿವಿಲ್ಲ ಅಂತ ಹೇಳಿ ಅತ್ತೆ."

"ನನ್ನನ್ನೇನು ಟೆಲಿಫೋನ್ ಅಂದ್ಕೊಂಡಿದೀರಾ ಇಬ್ಬರೂ?" ಎಂದು ಅತ್ತೆ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದರು. ಆಮೇಲೆ ಮೊಳೆ ಮನೆಗೆ ಹೋದ ಹೊತ್ತು ನೋಡಿ ಗಂಡನಿಗೆ ಮೆಲ್ಲಗೆ ಹೇಳಿದರು: "ಕೊಡಬೇಡಿ ಅಂತ ನಾನು ಹೇಳಲ್ಲ. ಆದರೆ ಅವಳು ಬೇಡ ಅಂದಿದ್ದಕ್ಕೆ ನಿಮಗೆ ಇಷ್ಟು ಸಿಟ್ಟು ಬಂತಲ್ಲ, ಅದನ್ನ ಸ್ವಲ್ಪ ನೋಡ್ಕೊಳ್ಳಿ."

ಆ ದಿನಗಳಲ್ಲೇ ಡಿಪೋಗೆ ಸದ್ದಿಲ್ಲದ ವಿದ್ಯುತ್ ಬಸ್ಸುಗಳು ಬಂದಿದ್ದವು. ಅವನ್ನು ಕಲಿಯುತ್ತಿದ್ದ ತಂಡದ್ದು ಕೊನೆಯ ವಾರ. ಕೊನೆಯ ವಾರಕ್ಕೆ ಮಾವನೇ ಹಾಕಿದ ಒಂದು ಪದ್ಧತಿಯಿತ್ತು. ಅಲ್ಲಿಯವರೆಗೆ ಪಕ್ಕದ ಬ್ರೇಕಿನ ಸೀಟಿನಲ್ಲಿ ಕೂರುತ್ತಿದ್ದ ಅವರು ಎದ್ದು, ಬಸ್ಸಿನ ಕಟ್ಟಕಡೆಯ ಸೀಟಿಗೆ ಹೋಗಿ ಕೂರುವುದು. ಅಲ್ಲಿಂದ ಕೈಗೂ ಏನೂ ಎಟುಕುವುದಿಲ್ಲ, ಕಾಲಿಗೂ ಏನೂ ಎಟುಕುವುದಿಲ್ಲ. ರಸ್ತೆಯೂ ಅಷ್ಟೇ, ಜನರಿಲ್ಲದ ಡಿಪೋದ ಹಿಂಬದಿ ರಸ್ತೆ.

ಅಂದು ಚಾಲನೆಯಲ್ಲಿದ್ದವಳು ಒಬ್ಬ ಹೊಸ ಚಾಲಕಿ. ಒಳ್ಳೆಯ ಕೈ ಅವಳದ್ದು. ಆದರೆ ತಿರುವಿನ ಬಳಿ ತಡವಾಗಿ ಬ್ರೇಕ್ ಹಾಕಿದಳು. ಬಸ್ಸು ಬಿಳಿ ಗೆರೆ ದಾಟಿ ನಿಂತಿತು. ಮಾವ ಹಿಂದಿನಿಂದ ನೋಡುತ್ತಲೇ ಇದ್ದರು. ಬ್ರೇಕ್ ಹಾಕುವ ಮೊದಲು ಅವಳು ಒಮ್ಮೆ ಪಕ್ಕದ ಖಾಲಿ ಸೀಟಿನ ಕಡೆ ತಿರುಗಿದ್ದಳು.

"ಅಲ್ಲಿ ಯಾರಿದಾರೆ ಅಂತ ನೋಡ್ತೀಯಮ್ಮಾ?" ಎಂದು ಕೂಗಿದರು.

ಅವಳು ನಾಚಿಕೊಂಡಳು. "ನಿಮ್ಮ ಕಾಲು ಮಾವ. ಕಾಲು ಬಡಿದಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತ ಅಂದ್ಕೊಂಡುಬಿಟ್ಟೆ."

ಮಿಕ್ಕವರು ನಕ್ಕರು. ಇದು ಪ್ರತಿ ತಂಡದಲ್ಲೂ ಯಾರಾದರೊಬ್ಬರು ಹೇಳುವ ಮಾತೇ. ಆ ವಾರ ಇರುವುದೇ ಅದಕ್ಕೆ. ಆದರೆ ಅಂದು ಮಾವ ನಗಲಿಲ್ಲ. ನಡುಮನೆಯ ಕುರ್ಚಿಯಲ್ಲಿ ಅವರು ಕೊನೆಯ ದಿನದವರೆಗೂ ಮೊಳೆಯ ಪಕ್ಕದಲ್ಲೇ ಕೂತಿದ್ದರು. ಕಲಿಯುವವರು ಬೇರೆ ಯಾರೇ ಆಗಿದ್ದರೂ ಮಾವ ಎದ್ದು ಹಿಂದಕ್ಕೆ ಹೋಗುತ್ತಿದ್ದರು. ಮೊಳೆಯ ಪಕ್ಕದಿಂದ ಏಳಬೇಕೆಂದು ಹೊಳೆದೇ ಇರಲಿಲ್ಲ.

ಪಾಳಿ ಮುಗಿದದ್ದೇ ಸೀದಾ ಮನೆಗೆ ಬಂದರು. ಮೊಳೆ ಅತ್ತೆಗೆ ಗುಂಡಿ ಹಚ್ಚಿಕೊಡುತ್ತಿದ್ದಳು. ಈ ಸಲ ಟೆಲಿಫೋನ್ ಇಲ್ಲದೆ ನೇರವಾಗಿ ಕೇಳಿದರು.

"ಪರೀಕ್ಷೆಯಲ್ಲಿ ಎಲ್ಲಿ ತಪ್ಪಿದೆ?"

"ಎಲ್ಲೂ ತಪ್ಪಲಿಲ್ಲ."

"ಮತ್ತೆ?"

"ನಿಂತೆ."

"ನಿಂತೆ ಅಂದ್ರೆ?"

ಮೊಳೆ ಗುಂಡಿಯನ್ನು ಕೆಳಗಿಟ್ಟಳು. "ಒಂದು ಎಂಜಿನ್ ಕೆಟ್ಟಿದೆ ಅಂತ ಕೊಟ್ಟರು. ಕೈ ಸರಿಯಾದ ಲಿವರ್ ಮೇಲೇ ಇತ್ತು. ಆದರೂ ಎಳೀಲಿಲ್ಲ. ಪರೀಕ್ಷಕರು ಆಮೇಲೆ ಕೇಳಿದ್ರು, ಗೊತ್ತಿತ್ತಲ್ಲ, ಯಾತಕ್ಕೆ ಕಾಯ್ತಿದ್ರಿ ಅಂತ. ನಾನೇನು ಹೇಳಲಿ?" ಅವಳ ಕಣ್ಣು ಮಾವನ ಬಲಗಾಲಿನ ಕಡೆ ಹೋಗಿ ಕೂಡಲೇ ಹಿಂದೆ ಬಂತು.

"ನನಗೆ ಹೇಳಲಿಲ್ಲ ಯಾಕೆ?"

"ಹೇಳಿದ್ರೆ ನೀವು ಮುಂಗಡ ಅಲ್ಲ, ಮನೇನೇ ಮಾರ್ತಿದ್ರಿ."

ಮಾವ ಕುರ್ಚಿಯ ಮೇಲೆ ಕೂತರು. ಅದು ಆ ಬಲಗಡೆಯ ಕುರ್ಚಿ ಎಂದು ಗೊತ್ತಾಗಿ ಮತ್ತೆ ಎದ್ದರು. ಅವರಿಗೆ ಹೇಳಬೇಕಾದದ್ದು ತುಂಬ ಇತ್ತು. ತಿಂಗಳ ಕೊನೆ ಹತ್ತಿರವಾಗಿತ್ತು, ದುಡ್ಡು ಕಟ್ಟಿದರೆ ಈಗಲೂ ಸೀಟು ಅವಳದ್ದೇ. ತನ್ನ ಕಾಲಿನಿಂದಾದ ನಷ್ಟವನ್ನು ತನ್ನ ಜೇಬಿನಿಂದ ತುಂಬಿಬಿಟ್ಟರೆ ಅವರ ಎದೆ ಹಗುರವಾಗುತ್ತಿತ್ತು. ಅವರ ಎದೆಯೇನೋ ಹಗುರವಾದೀತು, ಅದರ ಭಾರ ಹೊರುವವಳು ಅವಳು. ಅಷ್ಟು ಅವರಿಗೆ ಈಗ ತಿಳಿದಿತ್ತು.

"ನಾನು ದುಡ್ಡು ಕೊಡಲ್ಲ" ಎಂದರು ಕೊನೆಗೆ. "ಈ ಸೀಟು ಹೋದರೆ ಹೋಗಲಿ. ಮುಂದಿನ ಆಯ್ಕೆ ಬಂದಾಗ ಕೂತ್ಕೋ. ಆದರೆ ಇನ್ಮೇಲೆ ಈ ಕುರ್ಚಿಗೆ ನಾನು ಬರಲ್ಲ. ನಿಮ್ಮತ್ತೆ ಓದಲಿ."

"ನಾನಾ?" ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ನನಗೆ ಆ ಇಂಗ್ಲಿಷ್ ಅಕ್ಷರ ಒಂದೊಂದೇ ಜೋಡಿಸಬೇಕು. ಒಂದು ಸಾಲು ಓದೋಷ್ಟರಲ್ಲಿ ನಿಮ್ಮ ವಿಮಾನ ಇಳಿದಿರುತ್ತೆ."

"ಇಳೀಲಿ. ನನ್ನ ಕಾಲಿಗೆ ಕಾಯದೇ ಇರೋದು ಕಲೀಲಿ."

ತಿಂಗಳ ಕೊನೆ ಬಂತು, ಹೋಯಿತು. ಸೀಟು ಬೇರೆಯವರಿಗೆ ಹೋಯಿತು. ಮೊಳೆ ಹಾರಾಟದ ಶಾಲೆಯಲ್ಲಿ ಹೊಸಬರಿಗೆ ಪಾಠ ಹೇಳುವ ಕೆಲಸ ಹಿಡಿದಳು, ಕೈ ಮರೆಯಬಾರದಲ್ಲ. ಸಂಜೆ ಬಂದು ಗೋಡೆಯ ಮುಂದೆ ಕೂರುತ್ತಿದ್ದಳು. ಬಲಗಡೆ ಅತ್ತೆ, ಮಡಿಲಲ್ಲಿ ಅರ್ಧ ಹೊಲಿದ ಚಡ್ಡಿ, ಕೈಯಲ್ಲಿ ಓದುವ ಹಾಳೆ. ಮಾವ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಣೆಯ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ಆ ಕಾಲದಲ್ಲಿ ಆ ಮನೆಯಲ್ಲಿ ಎಲ್ಲದಕ್ಕೂ ಈರುಳ್ಳಿ ಜಾಸ್ತಿ.

ಬಾಗಿಲು ಹಾಕಿದ್ದರೂ ಕೇಳಿಸುತ್ತಿತ್ತು. ಒಂದು ಸಂಜೆ ಅತ್ತೆ ತಡವರಿಸುತ್ತ ಒಂದು ಸಾಲು ಓದಿದರು. ಆಮೇಲೆ ಸದ್ದಿಲ್ಲ. ಮೊಳೆಯ ಉತ್ತರ ಬರಲಿಲ್ಲ. ಎಂಜಿನ್ ಕೆಡುವ ಜಾಗ ಅದು, ಮಾವನಿಗೆ ಬಾಯಿಪಾಠವಾಗಿತ್ತು. ಕೈಯಲ್ಲಿದ್ದ ಈರುಳ್ಳಿ ಅರ್ಧಕ್ಕೇ ನಿಂತಿತು. ಬಲಗಾಲು ಮೇಲಕ್ಕೆದ್ದಿತು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಮಡಿಸಿ, ಅದರ ಮೇಲೆಯೇ ಕೂತುಬಿಟ್ಟರು. ಕಣ್ಣಲ್ಲಿ ನೀರು. ಈರುಳ್ಳಿಯದ್ದೇ ಇರಬೇಕು.

ಆಗ ಮೊಳೆಯ ಧ್ವನಿ ಬಂತು. ಸರಿಯಾದ ಉತ್ತರ. ಅವಸರವಿಲ್ಲ, ಅನುಮಾನವೂ ಇಲ್ಲ.

"ಇಷ್ಟು ಹೊತ್ತು ಏನು ಮಾಡ್ತಿದ್ದೆ?" ಎಂದು ಅತ್ತೆ ಕೇಳಿದ್ದು ಕೇಳಿಸಿತು.

"ನೋಡ್ತಿದ್ದೆ ಅತ್ತೆ. ಯಾವ ಎಂಜಿನ್ ಅಂತ ನಾನೇ ನೋಡ್ಕೊಂಡೆ."

ಕಾಲು ಜೋಮು ಹಿಡಿದು ಅಂದು ಮಾವ ಏಳಲು ಗೋಡೆ ಹಿಡಿಯಬೇಕಾಯಿತು.

ಮುಂದಿನ ಆಯ್ಕೆ ಬರಲು ತುಂಬ ದಿನ ಹಿಡಿಯಿತು. ಬರುವುದಿಲ್ಲವೇನೋ ಎಂದು ಮೊಳೆಯ ಅಮ್ಮ ಎರಡು ಸಲ ಅತ್ತಳು. ಬಂತು. ಮೊಳೆ ಹೋಗಿ ಬಂದಳು. ಈ ಸಲ ಅವಳ ಹೆಸರು ಮೇಲಿನ ಗುಂಪಿನಲ್ಲಿತ್ತು. ಕಂಪನಿಯ ಖರ್ಚು, ಐದು ವರ್ಷದ ಬಾಂಡ್. ಅಪ್ಪ ಸಿಹಿ ಹಂಚಿದ, ಅಮ್ಮ ಮತ್ತೆ ಅತ್ತಳು. ಮಾವ ಮಾತ್ರ "ಐದು ವರ್ಷ ಜಾಸ್ತಿಯಾಯ್ತು, ಮೂರು ಸಾಕಿತ್ತು" ಎಂದು ಗೊಣಗಿ, ಬೀದಿಯಲ್ಲಿ ಸಿಕ್ಕವರಿಗೆಲ್ಲ ಸುದ್ದಿ ಹೇಳಿ ಬಂದರು.

ಬಾಂಡಿಗೆ ಒಬ್ಬರು ಜಾಮೀನು ನಿಲ್ಲಬೇಕಿತ್ತು. ಅಪ್ಪ ಈಗಾಗಲೇ ಬ್ಯಾಂಕಿನ ಸಾಲಕ್ಕೆ ಸಿಕ್ಕಿಬಿದ್ದಿದ್ದ. ಮೊಳೆ ಮಾವನ ಎದುರು ಬಂದು ನಿಂತಳು. ಅವಳು ಏನನ್ನಾದರೂ ಕೇಳಲು ಅಷ್ಟು ಕಷ್ಟಪಟ್ಟದ್ದನ್ನು ಅವರು ಹಿಂದೆಂದೂ ನೋಡಿರಲಿಲ್ಲ.

"ಮಾವ, ಒಂದು ಸಹಿ ಬೇಕು. ನಾನು ನಡುವೆ ಬಿಟ್ಟು ಓಡಿದ್ರೆ ನಿಮ್ಮನ್ನ ಹಿಡ್ಕೋತಾರೆ."

"ದುಡ್ಡು ಬೇಡ ಅಂದವಳು ಈಗ ತಲೇನೇ ಕೇಳ್ತಿದೀಯಲ್ಲೇ!"

"ತಲೆಗೆ ಐದು ವರ್ಷ ಅಂತ ಗಡುವಿದೆ ಮಾವ. ಮುಗಿದ ಮೇಲೆ ವಾಪಸ್ ಕೊಡ್ತೀನಿ."

"ತಗೊಂಡು ಹೋಗು" ಎಂದರು ಅತ್ತೆ. "ಇಲ್ಲಿ ಅದರಿಂದ ಅಂಥ ಉಪಯೋಗವೇನೂ ಆಗಿಲ್ಲ."

ಮರುದಿನ ಇಬ್ಬರೂ ಕಂಪನಿಯ ಕಚೇರಿಗೆ ಹೋದರು. ಮೇಜಿನ ಹಿಂದಿದ್ದ ಹೆಂಗಸು ಷರತ್ತುಗಳನ್ನು ಓದಿದ್ದೀರಾ ಎಂದು ಕೇಳಿದಳು. ಓದಿದ್ದೇನೆ, ಮೂರು ವರ್ಷ ಸಾಕು ಎಂದರು ಮಾವ. ಎಲ್ಲರೂ ಹಾಗೇ ಹೇಳುತ್ತಾರೆ ಎಂದು ಅವಳು ನಕ್ಕಳು. "ಎಲ್ಲರೂ ಹೇಳೋದಾದ್ರೆ ಮೇಲಿನವರಿಗೆ ಒಂದ್ಸಲ ಹೇಳಿ ನೋಡಮ್ಮ" ಎಂದು ಅವರು ಪೆನ್ನು ತೆಗೆದುಕೊಂಡರು. ಮೊಳೆ ಮೇಜಿನ ಕೆಳಗಿಂದ ಅವರನ್ನು ಚಿವುಟಿದಳು. ಮಾವ ನಿಧಾನವಾಗಿ, ಒಂದು ಅಕ್ಷರವೂ ಗೆರೆ ದಾಟದ ಹಾಗೆ ಸಹಿ ಹಾಕಿದರು.

ಅಂದು ಮಾವ ಡಿಪೋ ತಲುಪುವಾಗ ಪಾಳಿ ಶುರುವಾಗಿ ಹೋಗಿತ್ತು. ಕಲಿಯುವವರು ಬಸ್ಸಿನಲ್ಲಿ ಕೂತು ಕಾಯುತ್ತಿದ್ದರು. ಮ್ಯಾನೇಜರ್ ಗಡಿಯಾರ ತೋರಿಸಿ, ಎಲ್ಲಿಗೆ ಹೋಗಿದ್ದಿರಿ ಎಂದರು.

"ಮೊಳೆಗೆ ಆವತ್ತು ದುಡ್ಡು ಕೊಡೋಕೆ ಹೋದೆ. ತಗೊಳ್ಳಲಿಲ್ಲ. ಇವತ್ತು ಜಾಮೀನು ನಿಂತು ಬಂದೆ."

"ಜಾಮೀನು ನಿಂತವರು ಇಷ್ಟು ನಗ್ತಾ ಬಂದಿದ್ದನ್ನ ನಾನು ಇದೇ ಮೊದಲು ನೋಡ್ತಿರೋದು ಮಾವ" ಎಂದರು ಮ್ಯಾನೇಜರ್.